ಒಂದೇ ದಿನದಲ್ಲಿ ಶಿಯಾನ್: ಗೆಳೆಯರ ಗುಂಪಿಗೊಂದು ಓಡಾಟದ ಪ್ಲಾನ್

ಚೀನಾದ ಶಿಯಾನ್ ಊರನ್ನು ಸರಿಯಾಗಿ ನೋಡಲು ಮೂರು ದಿನ ಬೇಕು ಎನ್ನುತ್ತಾರೆ. ಸುಳ್ಳಲ್ಲ. ಆದರೆ ಬೀಜಿಂಗ್, ಶಾಂಘೈ ಎಲ್ಲ ಒಂದೇ ರಜೆಯಲ್ಲಿ ಮುಗಿಸಲು ಹೊರಟವರಿಗೆ, ಕೆಲಸದ ಮೇಲೆ ಬಂದು ಒಂದು ಶನಿವಾರ ಮಾತ್ರ ಬಿಡುವು ಸಿಕ್ಕವರಿಗೆ ಇರೋದು ಒಂದೇ ದಿನ. ಅಷ್ಟರಲ್ಲೇ ಹಳೇ ಚಕ್ರವರ್ತಿಯ ಸಮಾಧಿ ಕಾಯುವ ಮಣ್ಣಿನ ಸೈನ್ಯ (ಟೆರಾಕೋಟಾ ಆರ್ಮಿ), ಮುಸ್ಲಿಂ ಕೇರಿಯ ತಿಂಡಿ, ಹಳೇ ಕೋಟೆಗೋಡೆ, ರಾತ್ರಿಯ ದೀಪದ ಬೀದಿ ಇಷ್ಟನ್ನೂ ನೋಡಬಹುದು. ದಾರಿಯನ್ನು ಮಾತ್ರ ಸರಿಯಾಗಿ ಜೋಡಿಸಿಕೊಳ್ಳಬೇಕು: ಬೆಳಿಗ್ಗೆ ಪೂರ್ವಕ್ಕೆ ಊರಾಚೆ, ಮಧ್ಯಾಹ್ನ ಊರಿನ ನಡುವೆ, ಸಂಜೆಯ ಮೇಲೆ ದಕ್ಷಿಣಕ್ಕೆ. ಹಿಂದೆ ಮುಂದೆ ಓಡಾಡಿದರೆ ಅರ್ಧ ದಿನ ಮೆಟ್ರೊದಲ್ಲೇ ಹೋಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪ್ಲಾನಿನಲ್ಲಿ ಶಾನ್‌ಶಿ ಇತಿಹಾಸ ಮ್ಯೂಸಿಯಂ ಇಲ್ಲ, ಹುವಾಚಿಂಗ್ ಅರಮನೆಯ ಬಿಸಿನೀರ ಕೊಳಗಳಿಲ್ಲ. ಎರಡೂ ಚೆನ್ನಾಗಿವೆ. ಆದರೂ ಬಿಡಿ. ಎಲ್ಲವನ್ನೂ ತುರುಕಲು ಹೋದ ಗುಂಪು ಮಧ್ಯಾಹ್ನ ಮೂರಕ್ಕೇ ಒಬ್ಬರ ಮೇಲೊಬ್ಬರು ಸಿಡುಕಲು ಶುರು ಮಾಡುತ್ತದೆ.

ಮನೆಯಿಂದ ಹೊರಡುವ ಮೊದಲು

ಭಾರತದ ಪಾಸ್‌ಪೋರ್ಟಿಗೆ ಚೀನಾದ ವೀಸಾ ಬೇಕೇ ಬೇಕು, ಅದು ಗೊತ್ತಿರುವ ವಿಷಯ. ಜನ ಎಡವುವುದು ಫೋನಿನ ವಿಷಯದಲ್ಲಿ.

ಚೀನಾದಲ್ಲಿ ದುಡ್ಡು ಅಂದರೆ ಫೋನು. ಬೀದಿಬದಿಯ ತಿಂಡಿ ಗಾಡಿಯಲ್ಲೂ ಕ್ಯೂಆರ್ ಕೋಡೇ. ನಮ್ಮಲ್ಲಿಯೂ ಹಾಗೇ ಅಲ್ವಾ ಎನ್ನಬೇಡಿ, ನಮ್ಮ ಯುಪಿಐ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲಿಪೇ ಅಥವಾ ವೀಚಾಟ್ ಪೇ ಹಾಕಿಕೊಂಡು ನಿಮ್ಮ ವೀಸಾ ಕಾರ್ಡನ್ನೋ ಮಾಸ್ಟರ್‌ಕಾರ್ಡನ್ನೋ ಜೋಡಿಸಬೇಕು. ಇದನ್ನು ಮನೆಯಲ್ಲಿ ಕೂತೇ ಮಾಡಿ, ಏಕೆಂದರೆ ಪಾಸ್‌ಪೋರ್ಟ್ ಫೋಟೊ ಕೇಳುತ್ತದೆ, ಬ್ಯಾಂಕಿನ ಓಟಿಪಿ ನಿಮ್ಮ ಇಲ್ಲಿಯ ನಂಬರಿಗೇ ಬರುತ್ತದೆ. ಕಾರ್ಡಿನಲ್ಲಿ ವಿದೇಶಿ ಪಾವತಿ ಆನ್ ಆಗಿದೆಯಾ ನೋಡಿ. ಒಂದೇ ಬಿಲ್ಲು 200 ಯುವಾನ್ ದಾಟಿದರೆ ವಿದೇಶಿ ಕಾರ್ಡಿಗೆ 3% ಶುಲ್ಕ ಬೀಳುತ್ತದೆ. ಹಾಗಾಗಿ ನಾಲ್ಕು ಜನರ ಊಟದ ದೊಡ್ಡ ಬಿಲ್ಲನ್ನು ಒಬ್ಬರೇ ಕಟ್ಟುವ ಬದಲು ಇಬ್ಬರು ಹಂಚಿ ಕಟ್ಟಿದರೆ ಲಾಭ. ಗುಂಪಿನಲ್ಲಿ ಕನಿಷ್ಠ ಇಬ್ಬರ ಫೋನಿನಲ್ಲಿ ಪಾವತಿ ನಡೆಯುವಂತಿರಲಿ. ಜೊತೆಗೆ ನೂರಿನ್ನೂರು ಯುವಾನ್ ನಗದು ಇದ್ದರೆ ಧೈರ್ಯ.

ಅಲ್ಲಿಯ ವೈಫೈನಲ್ಲಿ ಗೂಗಲ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಯಾವುದೂ ತೆರೆಯುವುದಿಲ್ಲ. ಇಲ್ಲಿಂದಲೇ ರೋಮಿಂಗ್ ಪ್ಯಾಕೋ ಇ-ಸಿಮ್ಮೋ ತೆಗೆದುಕೊಂಡು ಹೋದರೆ ಸಾಮಾನ್ಯವಾಗಿ ಈ ತಾಪತ್ರಯ ಇರುವುದಿಲ್ಲ. ಆದರೂ ಗುಂಪಿನವರೆಲ್ಲ ವೀಚಾಟ್‌ನಲ್ಲಿ ಒಂದು ಗ್ರೂಪ್ ಮಾಡಿಕೊಳ್ಳಿ. ಜನಜಂಗುಳಿಯಲ್ಲಿ ಒಬ್ಬರು ತಪ್ಪಿಸಿಕೊಂಡರೆ ಲೊಕೇಶನ್ ಕಳಿಸಲು ಅದೇ ಗತಿ. ಮ್ಯಾಪಿಗೆ ಗೂಗಲ್ ನಂಬಬೇಡಿ, ಅಲ್ಲಿಯವರು ಬಳಸುವ ಆಮ್ಯಾಪ್ ಇರಲಿ. ಐಫೋನಿನವರಿಗೆ ಆಪಲ್ ಮ್ಯಾಪ್ ಸಾಕು.

ಮಣ್ಣಿನ ಸೈನ್ಯದ ಟಿಕೆಟ್ಟನ್ನು ಮುಂಚೆಯೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕು. ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರು ಕೊಡಬೇಕು. ನಮ್ಮವರ ಹೆಸರಿನ ಗೋಳು ಇಲ್ಲಿ ಎದುರಾಗುತ್ತದೆ: ಊರಿನ ಹೆಸರು, ಅಪ್ಪನ ಹೆಸರು, ಇನಿಶಿಯಲ್ಲು ಎಲ್ಲ ಸೇರಿ ಉದ್ದ ಆಗಿರುತ್ತದೆ. ಆಧಾರ್‌ನಲ್ಲಿ ಏನಿದೆ ಎಂದು ನೋಡಬೇಡಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ತುಂಬಿ. ಆ ದಿನ ಎಲ್ಲರ ಮೂಲ ಪಾಸ್‌ಪೋರ್ಟೂ ಕೈಯಲ್ಲಿರಬೇಕು. ಗೇಟಿನಲ್ಲಿ ಅದೇ ಟಿಕೆಟ್ಟು.

ತಿಂಗಳು ಯಾವುದು? ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್. ಅಕ್ಟೋಬರಿನ ಮೊದಲ ವಾರ ಮತ್ತು ಮೇ ತಿಂಗಳ ಮೊದಲ ಐದು ದಿನ ಮಾತ್ರ ಬೇಡವೇ ಬೇಡ. ಅದು ಚೀನಾದವರ ರಜೆ. ಆಗ ನೀವು ಸೈನಿಕರನ್ನಲ್ಲ, ಮುಂದಿನವರ ತಲೆಗಳನ್ನು ನೋಡಿ ಬರುತ್ತೀರಿ.

ಬೆಳಿಗ್ಗೆ ಏಳು: ಮಣ್ಣಿನ ಸೈನ್ಯದ ಕಡೆಗೆ

ಹೋಟೆಲು ಊರ ನಡುವಿನ ಗಂಟೆ ಗೋಪುರದ ಹತ್ತಿರ ಇರಲಿ. ಅಲ್ಲಿ ಜೊಂಗ್‌ಲೌ ಮೆಟ್ರೊ ನಿಲ್ದಾಣ ಇದೆ. ಎರಡನೇ ಲೈನಿನಲ್ಲಿ ಉತ್ತರಕ್ಕೆ ಒಂದೇ ನಿಲ್ದಾಣ ಹೋದರೆ ಬೈದಾಜಿಯೆ. ಅಲ್ಲಿ ಒಂದನೇ ಲೈನು ಹಿಡಿದು ಫಾಂಗ್‌ಜಿಚೆಂಗ್, ಅಲ್ಲಿಂದ ಒಂಬತ್ತನೇ ಲೈನಿನಲ್ಲಿ ಹುವಾಚಿಂಗ್‌ಚಿ. ಕೊನೆಯ ಸ್ವಲ್ಪ ದೂರಕ್ಕೆ ಬಸ್ಸು ಅಥವಾ ಕಾರು. ಎಲ್ಲ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮೆಟ್ರೊ ಹತ್ತುವಾಗ ಪ್ರತಿ ಸಲ ಬ್ಯಾಗು ಸ್ಕ್ಯಾನ್ ಆಗುತ್ತದೆ. ಕೈಯಲ್ಲಿ ನೀರಿನ ಬಾಟಲಿ ಇದ್ದರೆ ಒಂದು ಗುಟುಕು ಕುಡಿದು ತೋರಿಸು ಎನ್ನಬಹುದು, ಗಾಬರಿ ಬೇಡ.

ನಾಲ್ಕು ಜನ ಇದ್ದರೆ ನನ್ನ ಮತ ಮಾತ್ರ ಕಾರಿಗೆ. ಅಲಿಪೇ ಒಳಗೇ ದೀದಿ ಇದೆ, ನಮ್ಮ ಓಲಾ ಊಬರ್ ತರಹವೇ. ಬಾಡಿಗೆ ನೂರು ಯುವಾನ್ ದಾಟುತ್ತದೆ. ಯುವಾನಿಗೆ ಹನ್ನೆರಡು ರೂಪಾಯಿ ಆಸುಪಾಸು ಎಂದುಕೊಂಡರೂ ನಾಲ್ವರಿಗೆ ಹಂಚಿದರೆ ಭಾರ ಅಲ್ಲ. ಹೋಗುವಾಗ ಕಾರು, ಬರುವಾಗ ಮೆಟ್ರೊ ಅಂತ ಇಟ್ಟುಕೊಳ್ಳಿ. ಬೆಳಗಿನ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಐದು ಜನ ಇದ್ದರೆ ಮಾಮೂಲಿ ಕಾರಿನಲ್ಲಿ ಹಿಡಿಸುವುದಿಲ್ಲ, ಆರು ಸೀಟಿನದು ಕೇಳಬೇಕು.

ಗೇಟು ತೆರೆಯುವುದು ಎಂಟೂವರೆಗೆ. ಆ ಹೊತ್ತಿಗೆ ನೀವು ಅಲ್ಲಿರಬೇಕು. ದಾರಿಯಲ್ಲಿ, ಬಸ್ ನಿಲ್ದಾಣದಲ್ಲಿ ಯಾರಾದರೂ ಬಂದು ‘ಬನ್ನಿ, ಬೇಗ ಒಳಗೆ ಬಿಡಿಸುತ್ತೇನೆ’ ಎಂದರೆ ಸುಮ್ನೆ ಮುಂದೆ ನಡೆಯಿರಿ. ಅವರ ಹಿಂದೆ ಹೋದವರು ಗೊಂಬೆ ಅಂಗಡಿಗೋ ನಕಲಿ ಪ್ರದರ್ಶನಕ್ಕೋ ಹೋಗಿ ನಿಲ್ಲುತ್ತಾರೆ.

ಒಳಗೆ ಹೋದ ಕೂಡಲೇ ಎಲ್ಲೂ ನಿಲ್ಲದೆ, ಸೈನ್ಯ ಸಿಕ್ಕ ಮೂರು ಗುಂಡಿಗಳಲ್ಲಿ ದೊಡ್ಡದಾದ ಒಂದನೇ ಗುಂಡಿಗೆ ಹೋಗಿ. ಕೊನೆಗೆ ದೊಡ್ಡದನ್ನು ನೋಡೋಣ ಅಂತ ಕೆಲವರು ಮೂರು, ಎರಡು, ಒಂದು ಎಂದು ಹೋಗುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಹತ್ತು ಗಂಟೆಗೆಲ್ಲ ಟೂರ್ ಬಸ್ಸುಗಳು ಬಂದು ಮುಂದಿನ ಕಟಕಟೆಯ ಹತ್ತಿರ ಮೂರು ನಾಲ್ಕು ಸಾಲು ಜನ ನಿಂತಿರುತ್ತಾರೆ.

ಒಂದನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ವಿಮಾನ ನಿಲ್ಲಿಸುವ ಶೆಡ್ಡಿನಂತಹ ಚಾವಣಿ. ಕೆಳಗೆ ಮಣ್ಣಿನ ಗೋಡೆಗಳ ನಡುವಿನ ಓಣಿಗಳಲ್ಲಿ ಆಳೆತ್ತರದ ಸೈನಿಕರು ಸಾಲಾಗಿ ನಿಂತಿದ್ದಾರೆ. 1974ರ ಮಾರ್ಚಿನಲ್ಲಿ ಬರಗಾಲಕ್ಕೆ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕಿದ್ದು ಇದು. ಚೀನಾವನ್ನು ಮೊದಲ ಬಾರಿಗೆ ಒಂದು ಮಾಡಿದ ಚಕ್ರವರ್ತಿ ಚಿನ್ ಶಿ ಹುವಾಂಗ್ ಕ್ರಿ.ಪೂ. 210ರಲ್ಲಿ ಸತ್ತ. ಅವನ ಸಮಾಧಿಯ ಕಾವಲಿಗೆ ಇವರು. ಈ ಗುಂಡಿಯೊಂದರಲ್ಲೇ ಆರು ಸಾವಿರ ಇರಬಹುದು ಎಂಬ ಅಂದಾಜು. ಹೊರಗೆ ತೆಗೆದಿರುವುದು ಅದರ ಒಂದು ಭಾಗ ಮಾತ್ರ.

ಮುಂದೆ ನಿಂತು ಫೋಟೊ ತೆಗೆದು ತಿರುಗಿ ಬರಬೇಡಿ. ಪಕ್ಕದ ದಾರಿಯಲ್ಲಿ ಹಿಂದಿನ ತುದಿಯವರೆಗೂ ನಡೆಯಿರಿ. ಅಲ್ಲಿ ತಲೆ ಇಲ್ಲದವರು, ತೋಳು ಇಲ್ಲದವರು, ಕೊರಳಿಗೆ ಪಟ್ಟಿ ಸುತ್ತಿಸಿಕೊಂಡವರು ನಿಂತಿದ್ದಾರೆ. ಚೂರುಗಳಿಗೆ ನಂಬರು ಹಾಕಿ ಜೋಡಿಸುವ ಜಾಗ ಅದು. ಇಡೀ ಸೈನ್ಯ ಸಿಕ್ಕಿದ್ದೇ ಹೀಗೆ ಚೂರುಚೂರಾಗಿ ಎಂಬುದು ಅಲ್ಲಿ ನಿಂತಾಗಲೇ ತಲೆಗೆ ಹೋಗೋದು.

ಮೂರನೇ ಗುಂಡಿ ಚಿಕ್ಕದು, 68 ಗೊಂಬೆ, ನಾಲ್ಕು ಕುದುರೆಯ ಒಂದು ರಥ. ಸೇನೆಯ ಮುಖ್ಯ ಠಾಣೆ ಎನ್ನುತ್ತಾರೆ. ಹತ್ತು ನಿಮಿಷ ಸಾಕು.

ಎರಡನೇ ಗುಂಡಿಯಲ್ಲಿ ಅಗೆದಿರುವುದು ಕಡಿಮೆ, ಕೆಳಗೆ ನೋಡಿದರೆ ಬರೀ ಏರುತಗ್ಗಿನ ಮಣ್ಣು. ಹಾಗಂತ ಬೇಗ ಹೊರಟುಬಿಡಬೇಡಿ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕೆಲವು ಗೊಂಬೆಗಳನ್ನು ಹತ್ತಿರದಿಂದ ನೋಡಬಹುದು. ಒಂದು ಮಂಡಿ ಊರಿ ಕೂತ ಬಿಲ್ಲುಗಾರನ ಹಿಂದಕ್ಕೆ ಹೋಗಿ ಅವನ ಬಲಗಾಲಿನ ಪಾದರಕ್ಷೆ ನೋಡಿ. ಅಟ್ಟೆಯ ಹೊಲಿಗೆಯನ್ನು ಚುಕ್ಕಿಚುಕ್ಕಿಯಾಗಿ ಕೆತ್ತಿದ್ದಾರೆ. ಬೆರಳು, ಹಿಮ್ಮಡಿ ಊರುವ ಕಡೆ ಹೊಲಿಗೆ ಒತ್ತಾಗಿದೆ, ನಡುವೆ ವಿರಳ. ಮಣ್ಣಿನಡಿ ಹೂತು, ಯಾರೂ ನೋಡುವುದೇ ಇಲ್ಲ ಎಂದು ಗೊತ್ತಿದ್ದ ಕಡೆ ಇಷ್ಟು ಕೆಲಸ! ಇವರಿಗೆಲ್ಲ ಆಗ ಗಾಢ ಬಣ್ಣ ಬಳಿದಿದ್ದರು. ಅರಗಿನ ಲೇಪದ ಮೇಲಿದ್ದ ಆ ಬಣ್ಣ, ಅಗೆದು ಗಾಳಿಗೆ ತೆರೆದ ನಿಮಿಷಗಳಲ್ಲೇ ಸುರುಳಿ ಸುತ್ತಿ ಉದುರುತ್ತಿತ್ತು. ಉಳಿದ ಗುಂಡಿಗಳನ್ನು ಅಗೆಯಲು ಅವಸರ ಮಾಡದಿರಲು ಅದೂ ಒಂದು ಕಾರಣ.

120 ಯುವಾನಿನ ಅದೇ ಟಿಕೆಟ್ಟಿನಲ್ಲಿ ಚಕ್ರವರ್ತಿಯ ಸಮಾಧಿ ಇರುವ ಲಿಶಾನ್ ತೋಟದ ಕಂಚಿನ ರಥಗಳೂ ಸೇರಿವೆ, ಅಲ್ಲಿಗೆ ಪುಕ್ಕಟೆ ಬಸ್ಸು ಇದೆ. ನಿಜವಾದ ರಥದ ಅರ್ಧ ಅಳತೆಯ ಈ ಎರಡು ರಥಗಳು ಸಿಕ್ಕಿದ್ದು 1980ರಲ್ಲಿ. ಲೋಹದ ಕೆಲಸದಲ್ಲಿ ಆಸಕ್ತಿ ಇರುವವರು ಗುಂಪಿನಲ್ಲಿದ್ದರೆ ಹೋಗಿ, ಆದರೆ ಮಧ್ಯಾಹ್ನದ ಒಂದು ಜಾಗ ಕೈಬಿಡಬೇಕಾಗುತ್ತದೆ. ಹನ್ನೊಂದೂವರೆಗೆ ಅಲ್ಲಿಂದ ಕಾಲ್ತೆಗೆಯಿರಿ. ಹೊರಗೆ ಬರುವ ದಾರಿ ಅಂಗಡಿ ಸಾಲಿನ ನಡುವೆ ಉದ್ದಕ್ಕೆ ಎಳೆಯುತ್ತದೆ. ಗೊಂಬೆ ಕೊಳ್ಳುವುದಿದ್ದರೆ ಊರಲ್ಲೇ ಸಿಗುತ್ತದೆ, ಹೊತ್ತುಕೊಂಡು ತಿರುಗಬೇಡಿ.

ಮಧ್ಯಾಹ್ನ: ಮುಸ್ಲಿಂ ಕೇರಿ, ಮತ್ತು ಸಸ್ಯಾಹಾರಿಯ ಪಾಡು

ಒಂದು ಗಂಟೆ ದಾಟುವಷ್ಟರಲ್ಲಿ ವಾಪಸು ಗಂಟೆ ಗೋಪುರ. 1384ರಲ್ಲಿ ಕಟ್ಟಿದ ಈ ಗೋಪುರವನ್ನು 1582ರಲ್ಲಿ ಈಗಿರುವ ಜಾಗಕ್ಕೆ ತಂದು ನಿಲ್ಲಿಸಿದರು. ಒಳಗೆ ಹತ್ತಬೇಕಾಗಿಲ್ಲ, ರಾತ್ರಿ ದೀಪ ಹಾಕಿದಾಗ ಕೆಳಗಿನಿಂದ ನೋಡಿದರೇ ಚೆಂದ. ಪಶ್ಚಿಮಕ್ಕೆ ಐದು ನಿಮಿಷ ನಡೆದರೆ ನಗಾರಿ ಗೋಪುರ. ಅದರ ಕಮಾನು ದಾಟಿದರೆ ಮುಸ್ಲಿಂ ಕೇರಿ ಶುರು. ರೇಷ್ಮೆ ದಾರಿಯಲ್ಲಿ ಬಂದ ವ್ಯಾಪಾರಿಗಳ ಕಾಲದಿಂದ ಹುಯಿ ಮುಸ್ಲಿಮರು ಬಾಳಿಕೊಂಡು ಬಂದ ಕೇರಿ ಇದು.

ಮೊದಲು ಸಿಗುವ ಬೈಯುವಾನ್‌ಮೆನ್ ಬೀದಿ ಪ್ರವಾಸಿಗಳದ್ದು. ಅಲ್ಲಿ ಒಂದು ಸುತ್ತು ಹಾಕಿ, ಹೊಟ್ಟೆಗೆ ಮಾತ್ರ ಪಕ್ಕದ ಶಿಯಾಂಗ್‌ಶಿ, ದಾಪಿಯುವಾನ್ ಓಣಿಗಳಿಗೆ ಹೋಗಿ. ಇನ್ನೂ ಸ್ವಲ್ಪ ನಡೆಯುವ ಮನಸ್ಸಿದ್ದರೆ ಸಾಜಿನ್‌ಚಿಯಾವ್. ಅಲ್ಲಿ ಊರವರೇ ತಿನ್ನುತ್ತಿರುತ್ತಾರೆ, ರೇಟೂ ಕಡಿಮೆ.

ಏನು ತಿನ್ನೋದು? ಬಿಯಾಂಗ್‌ಬಿಯಾಂಗ್ ನೂಡಲ್ಸ್ ಬಿಡಬೇಡಿ. ಹಿಟ್ಟಿನ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ಕಟ್ಟೆಗೆ ಫಟ್ ಎಂದು ಬಡಿದು, ಸೊಂಟಪಟ್ಟಿ ಅಗಲಕ್ಕೆ ತರುತ್ತಾರೆ. ಬೇಯಿಸಿದ ಪಟ್ಟಿಗಳ ಮೇಲೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಒಂದು ರಾಶಿ ಖಾರದ ಪುಡಿ. ಅದರ ಮೇಲೆ ಹೊಗೆಯಾಡುವ ಎಣ್ಣೆ ಸುರಿದಾಗ ಚುರ್ ಎನ್ನುತ್ತದೆ, ನಮ್ಮ ಒಗ್ಗರಣೆ ಬಾಣಲೆಯ ಘಮವೇ. ಕೆಳಗೆ ಸೋಯಾ ಸಾಸು, ವಿನಿಗರ್ ಇರುತ್ತದೆ, ತಿನ್ನುವ ಮೊದಲು ಚೆನ್ನಾಗಿ ಕಲಸಿ. ಬರೀ ಎಣ್ಣೆ ಖಾರದ ಬಗೆಯೂ ಇದೆ, ಟೊಮ್ಯಾಟೊ ಮೊಟ್ಟೆಯ ಬಗೆಯೂ ಇದೆ. ಮಾಂಸ ಬೇಡದವರಿಗೆ ಎರಡೂ ಸರಿ. ಕಡ್ಡಿಯಲ್ಲಿ ಆ ಅಗಲದ ಪಟ್ಟಿ ಎತ್ತುವಾಗ ಬಿಳಿ ಅಂಗಿ ಹಾಕಿಕೊಂಡವರ ಪಕ್ಕ ಕೂರಬೇಡಿ.

ಸಸ್ಯಾಹಾರಿಗೆ ಇನ್ನೂ ನಿಶ್ಚಿಂತೆಯಾದದ್ದು ಲಿಯಾಂಗ್‌ಪಿ. ತಣ್ಣಗಿನ, ಹೊಳೆಯುವ ಅಕ್ಕಿ ಅಥವಾ ಗೋಧಿ ಪಟ್ಟಿಗಳು, ಸೌತೆಕಾಯಿ, ಖಾರದ ಎಣ್ಣೆ. ಈ ಕೇರಿಯಲ್ಲಿ ಎಳ್ಳಿನ ಗೊಜ್ಜು ಹಾಕಿ ಕೊಡುತ್ತಾರೆ. ಸಿಹಿಗೆ ಖರ್ಜೂರದಂತಹ ಕೆಂಪು ಹಣ್ಣು, ಅಂಟು ಅಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದ ಜೆಂಗ್‌ಗಾವ್, ಪರ್ಸಿಮನ್ ಹಣ್ಣಿನ ಕರಿದ ಬಿಲ್ಲೆ. ಮಣ್ಣಿನ ಸೈನ್ಯದ ಸುತ್ತಲ ಲಿಂಟೊಂಗ್ ಕಡೆಯ ದಾಳಿಂಬೆಗೆ ಹೆಸರು. ಸೀಸನ್ನಿನಲ್ಲಿ ಎದುರಿಗೇ ಹಿಂಡಿದ ರಸ ಕುಡಿಯಿರಿ.

ಮಾಂಸ ತಿನ್ನುವವರಿಗೆ ಯಾಂಗ್‌ರೌ ಪಾವ್‌ಮೊ. ಮೊದಲು ಖಾಲಿ ಬಟ್ಟಲು, ಗಟ್ಟಿ ರೊಟ್ಟಿ ತಂದಿಡುತ್ತಾರೆ. ರೊಟ್ಟಿಯನ್ನು ನೀವೇ ಕಾಳಿನಷ್ಟು ಚಿಕ್ಕದಾಗಿ ಚಿವುಟಿ ಹಾಕಬೇಕು. ಆಮೇಲೆ ಬಟ್ಟಲನ್ನು ಅಡುಗೆಮನೆಗೆ ಒಯ್ದು ಕುರಿಮಾಂಸದ ಸಾರಿನಲ್ಲಿ ಕುದಿಸಿ ತರುತ್ತಾರೆ. ಅರ್ಧ ಗಂಟೆ ಹರಟೆಗೆ ಇದಕ್ಕಿಂತ ಒಳ್ಳೆ ನೆಪ ಇಲ್ಲ.

ಹಲಾಲ್ ಕೇರಿ ಆದ್ದರಿಂದ ಹಂದಿ ಇರುವುದಿಲ್ಲ, ದನದ ಮಾಂಸ ಮಾತ್ರ ಧಾರಾಳ. ಚೀನಿಯಲ್ಲಿ ಕುರಿ ಯಾಂಗ್‌ರೌ, ದನ ನಿಯುರೌ, ಊರಿನ ಉಳಿದ ಕಡೆ ಕಾಣುವ ಹಂದಿ ಜೂರೌ. ಬಾಯಲ್ಲಿ ಹೇಳಿದ್ದು ಅವರಿಗೆ ಅರ್ಥವಾಗದೇ ಹೋಗಬಹುದು. ‘ನಾನು ಸಸ್ಯಾಹಾರಿ, ಮಾಂಸ, ಮೀನು, ಮಾಂಸದ ಸಾರು ಯಾವುದೂ ಬೇಡ’ ಎಂಬ ಸಾಲನ್ನು ಚೀನಿ ಅಕ್ಷರದಲ್ಲಿ ದೊಡ್ಡದಾಗಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಸಾರು ಎಂಬುದನ್ನು ಸೇರಿಸಲೇಬೇಕು. ಇಲ್ಲದಿದ್ದರೆ ಮಾಂಸದ ತುಂಡು ತೆಗೆದು ಅದೇ ಸಾರಿನಲ್ಲಿ ನೂಡಲ್ಸ್ ಬರುತ್ತದೆ. ಕಟ್ಟಾ ಸಸ್ಯಾಹಾರಿಗಳು ಚೀಲದಲ್ಲಿ ಚಪಾತಿ, ಚಟ್ನಿಪುಡಿ ಇಟ್ಟುಕೊಂಡರೆ ಜಗಳವೇ ಇಲ್ಲ.

ಊಟ ಆದಮೇಲೆ ಅಲ್ಲೇ ಹುವಾಜುಯೆ ಓಣಿಯಲ್ಲಿ ದೊಡ್ಡ ಮಸೀದಿ. ಹೊರಗಿನ ಗದ್ದಲಕ್ಕೂ ಒಳಗಿನ ಮೌನಕ್ಕೂ ಒಂದು ಗೋಡೆ ಮಾತ್ರ ಅಡ್ಡ. ಗುಮ್ಮಟ ಇಲ್ಲ. ಹೆಂಚಿನ ಮಾಡು, ಮರದ ಕಮಾನು, ಒಂದರ ಹಿಂದೊಂದು ಅಂಗಳ. ಬಾಂಗ್ ಕೂಗುವ ಗೋಪುರವೂ ಎಂಟು ಮೂಲೆಯ ಚೀನಿ ಮಂಟಪವೇ. 742ರಲ್ಲಿ ಸ್ಥಾಪನೆಯಾಯಿತೆಂದು ಹೇಳಿಕೆ, ಈಗಿನ ಕಟ್ಟಡಗಳು ಮಿಂಗ್ ಅರಸರ ಕಾಲದಿಂದ ಈಚೆಯವು. ಪ್ರಾರ್ಥನಾ ಮಂದಿರದ ಒಳಗೆ ಮುಸ್ಲಿಮರಿಗೆ ಮಾತ್ರ ಪ್ರವೇಶ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಈ ದಿನದಲ್ಲಿ ಸುಮ್ಮನೆ ಕೂರಲು ಸಿಗುವ ಜಾಗ ಇದೊಂದೇ, ಕಾಲಿಗೂ ರೆಸ್ಟು.

ನಾಲ್ಕೂವರೆ: ಗೋಡೆಯ ಮೇಲೆ ಸೈಕಲ್

ಗಂಟೆ ಗೋಪುರದಿಂದ ದಕ್ಷಿಣಕ್ಕೆ ಒಂದು ನಿಲ್ದಾಣ, ಯೊಂಗ್‌ನಿಂಗ್‌ಮೆನ್. ಅದೇ ದಕ್ಷಿಣ ದ್ವಾರ. ನಡೆದರೂ ಹತ್ತು ಹದಿನೈದು ನಿಮಿಷ. 14ನೇ ಶತಮಾನದ ಮಿಂಗ್ ಕೋಟೆಗೋಡೆ ಹಳೇ ಊರನ್ನು ಪೂರ್ತಿ ಸುತ್ತಿದೆ, 13.7 ಕಿಲೋಮೀಟರ್. ಎತ್ತರ 12 ಮೀಟರ್, ಮೇಲಿನ ಅಗಲವೂ ಅಷ್ಟಕ್ಕಿಂತ ಕಡಿಮೆ ಇಲ್ಲ. ಎರಡು ಲಾರಿ ಆರಾಮಾಗಿ ಎದುರುಬದುರು ಹೋಗಬಹುದು.

ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ, ಇಬ್ಬರು ತುಳಿಯುವ ಜೋಡಿ ಸೈಕಲ್ಲೂ ಇದೆ. ಪೂರ್ತಿ ಸುತ್ತು ಹಾಕಲು ಎರಡು ಗಂಟೆ ಬೇಕು. ಅಷ್ಟು ಸಮಯ ನಿಮ್ಮ ಹತ್ತಿರ ಇಲ್ಲ. ಹಾಸಿರುವುದು ಹಳೇ ಇಟ್ಟಿಗೆ, ಕುಲುಕಾಟಕ್ಕೆ ಬೆನ್ನೂ ಒಪ್ಪುವುದಿಲ್ಲ. ಹಾಗಾಗಿ ದಕ್ಷಿಣ ದ್ವಾರದಿಂದ ಪಶ್ಚಿಮಕ್ಕೆ ಸುಮಾರು ಎರಡು ಕಿಲೋಮೀಟರ್ ತುಳಿದು ನೈಋತ್ಯ ಮೂಲೆಗೆ ಹೋಗಿ ವಾಪಸು ಬನ್ನಿ. ಉಳಿದ ಮೂರು ಮೂಲೆಗಳು ಚೌಕ, ಇದೊಂದು ಮಾತ್ರ ದುಂಡು.

ದಾರಿಯುದ್ದಕ್ಕೂ ಗೋಡೆಯಿಂದ ಹೊರಗೆ ಚಾಚಿದ ಬುರುಜುಗಳು ಕಾಣುತ್ತವೆ. ಒಂದರಿಂದ ಇನ್ನೊಂದಕ್ಕೆ 120 ಮೀಟರ್. ಬಾಣ ಗುರಿಮುಟ್ಟುವ ದೂರ 60 ಮೀಟರ್ ಎಂದು ಲೆಕ್ಕ ಹಾಕಿದ್ದರು. ಎರಡೂ ಬುರುಜಿನಿಂದ ಬಿಟ್ಟರೆ ನಡುವೆ ಯಾರಿಗೂ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಚಿತ್ರದುರ್ಗದ ಏಳು ಸುತ್ತು ಹತ್ತಿಳಿದವರು ಒಂದು ಬುರುಜಿನ ಮೇಲೆ ನಿಂತು ಎರಡೂ ಕಡೆ ನೋಡಿದರೆ ಬೇಗ ಹೊಳೆಯುತ್ತದೆ. ಅಲ್ಲಿ ಬಂಡೆಯೇ ಅರ್ಧ ಕೋಟೆ, ಇಲ್ಲಿ ಬಯಲಿನಲ್ಲಿ ಎಲ್ಲವನ್ನೂ ಅಳತೆ ಹಾಕಿಯೇ ಕಟ್ಟಬೇಕಿತ್ತು.

ಸೈಕಲ್ ತೆಗೆದುಕೊಳ್ಳುವಾಗ ಎಷ್ಟು ಹೊತ್ತಿಗೆ ವಾಪಸು ಕೊಡಬೇಕು, ಡೆಪಾಸಿಟ್ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಮಳೆ ಬಂದರೆ ಕೊಡುವುದಿಲ್ಲ. ಆಗ ನಡೆದೇ ನೋಡಿ, ಒಂದು ಗಂಟೆ ಉಳಿಯಿತು ಎಂದುಕೊಳ್ಳಿ.

ರಾತ್ರಿ: ಹ್ಯೂಯೆನ್ ತ್ಸಾಂಗ್‌ನ ಊರು

ಯೊಂಗ್‌ನಿಂಗ್‌ಮೆನ್‌ನಿಂದ ಎರಡನೇ ಲೈನಿನಲ್ಲಿ ಶಿಯಾವ್‌ಜೈ, ಅಲ್ಲಿ ಮೂರನೇ ಲೈನಿಗೆ ಬದಲಾಯಿಸಿ ಒಂದು ನಿಲ್ದಾಣ, ದಾಯಾನ್‌ಟಾ. ದೊಡ್ಡ ಕಾಡುಬಾತಿನ ಪಗೋಡಾ ಎಂಬ ಬೌದ್ಧ ಗೋಪುರ ಇರುವುದು ಇಲ್ಲೇ.

ಕನ್ನಡಿಗರಿಗೆ ಈ ಜಾಗದಲ್ಲಿ ಸ್ವಂತ ಲೆಕ್ಕ ಒಂದಿದೆ. ಶಾಲೆಯ ಪಾಠದಲ್ಲಿ ಬರುವ ಹ್ಯೂಯೆನ್ ತ್ಸಾಂಗ್ ನೆನಪಿದೆಯಾ? ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿಯ ಜನ ಸ್ವಾಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯರು, ಅವಮಾನ ಮಾಡಿದವರನ್ನು ಬಿಡರು, ಹರ್ಷನಿಗೂ ಇವರನ್ನು ಮಣಿಸಲು ಆಗಲಿಲ್ಲ ಎಂದು ಬರೆದಿಟ್ಟವನು. ಅವನು 645ರಲ್ಲಿ 657 ಗ್ರಂಥಗಳನ್ನು ಹೊತ್ತು ತಿರುಗಿ ಬಂದದ್ದು ಈ ಊರಿಗೇ, ಆಗಿನ ಹೆಸರು ಚಾಂಗಾನ್. ಆ ಗ್ರಂಥಗಳನ್ನು ಜೋಪಾನ ಮಾಡಲು 652ರಲ್ಲಿ ಕಟ್ಟಿದ್ದೇ ಈ ಪಗೋಡಾ. ಈಗ ಏಳು ಅಂತಸ್ತು, 64 ಮೀಟರ್. 1556ರ ದೊಡ್ಡ ಭೂಕಂಪದ ಪೆಟ್ಟನ್ನೂ ತಿಂದಿದೆ. ದಕ್ಷಿಣದ ಚೌಕದಲ್ಲಿ ಕೋಲು ಹಿಡಿದು ನಿಂತ ಅವನ ಕಂಚಿನ ಪ್ರತಿಮೆ ಇದೆ. ಬಾದಾಮಿ, ಐಹೊಳೆ ಕಡೆಯವರು ಗುಂಪಿನಲ್ಲಿದ್ದರೆ ಫೋಟೊ ಅವರದ್ದೇ ಮೊದಲು.

ಸಂಜೆ ಹೊತ್ತಿಗೆ ಪಗೋಡಾ ಇರುವ ಬೌದ್ಧ ದೇವಸ್ಥಾನದ ಗೇಟು ಮುಚ್ಚಿರುತ್ತದೆ, ಪಗೋಡಾವನ್ನು ಹೊರಗಿನಿಂದಲೇ ನೋಡಬೇಕು. ಒಳಗೆ ಹೋಗಿ ಹತ್ತಲೇಬೇಕು ಎನ್ನುವವರು ಕೋಟೆಗೋಡೆ ಬಿಟ್ಟು ನಾಲ್ಕಕ್ಕೇ ಇಲ್ಲಿಗೆ ಬರಲಿ. ನಾನಾದರೆ ಗೋಡೆಯನ್ನೇ ಉಳಿಸಿಕೊಳ್ಳುತ್ತೇನೆ.

ಉತ್ತರದ ಚೌಕದಲ್ಲಿ ಸಂಗೀತ ಕಾರಂಜಿ ನಡೆಯುತ್ತದೆ. ಸಮಯ ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ, ಹೋಟೆಲಿನಲ್ಲಿ ಬೆಳಿಗ್ಗೆಯೇ ಕೇಳಿಕೊಂಡು ಬನ್ನಿ. ನೀರಿನ ಪಕ್ಕಕ್ಕೇ ನುಗ್ಗಬೇಡಿ, ಸ್ವಲ್ಪ ದೂರ ನಿಂತರೆ ಹಿಂದೆ ಪಗೋಡಾ ಸೇರಿ ಪೂರ್ತಿ ಕಾಣುತ್ತದೆ.

ಪಗೋಡಾದ ದಕ್ಷಿಣಕ್ಕೆ ದಾತಾಂಗ್ ಬುಯೆಚೆಂಗ್, ಹ್ಯೂಯೆನ್ ತ್ಸಾಂಗ್ ಬದುಕಿದ್ದ ತಾಂಗ್ ಅರಸರ ಕಾಲದ ವೇಷದಲ್ಲಿ ಕಟ್ಟಿರುವ ಎರಡು ಕಿಲೋಮೀಟರ್ ಉದ್ದದ ನಡಿಗೆ ಬೀದಿ. ಹಳೆಯದು ಏನೂ ಅಲ್ಲ, ಎಲ್ಲ ಈಚೆಗೆ ಕಟ್ಟಿದ್ದು. ಆದರೂ ಹೋಗಿ. ಉದ್ದ ತೋಳಿನ ರೇಷ್ಮೆ ಉಡುಪು, ಮುಡಿಗೆ ಹೂವು ಸಿಕ್ಕಿಸಿಕೊಂಡ ಹುಡುಗಿಯರ ಹಿಂಡು, ಅವರ ಹಿಂದೆ ಲೈಟು ಹಿಡಿದು ಓಡುವ ಫೋಟೊಗ್ರಾಫರು, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಬಬಲ್ ಟೀ. ನಿಮ್ಮವರೂ ಆ ವೇಷ ಹಾಕಿಕೊಳ್ಳುತ್ತೇವೆ ಎಂದರೆ ಬಾಡಿಗೆ ಅಂಗಡಿಗಳು ಬೇಕಾದಷ್ಟಿವೆ. ಮೇಕಪ್ಪು, ಜಡೆ ಎಲ್ಲ ಸೇರಿ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಬೇಡದವರು ಆ ಹೊತ್ತಿನಲ್ಲಿ ಊಟ ಮುಗಿಸಲಿ, ಎಲ್ಲರೂ ಕಾಯುವುದು ಬೇಡ. ಮತ್ತೆ ಸೇರುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಹ್ಯೂಯೆನ್ ತ್ಸಾಂಗ್ ಪ್ರತಿಮೆಯ ಬುಡ ಎಂದರೆ ಯಾರಿಗೂ ಗೊಂದಲ ಆಗುವುದಿಲ್ಲ.

ಈ ಹೊತ್ತಿಗೆ ಎಲ್ಲರ ಫೋನೂ ಸಾಯುವ ಸ್ಥಿತಿಯಲ್ಲಿ ಇರುತ್ತದೆ. ಫೋನು ಹೋದರೆ ದುಡ್ಡೂ ಹೋಯಿತು, ದಾರಿಯೂ ಹೋಯಿತು. ಅಂಗಡಿ, ಹೋಟೆಲುಗಳಲ್ಲಿ ಬಾಡಿಗೆ ಪವರ್ ಬ್ಯಾಂಕಿನ ಡಬ್ಬಿಗಳಿರುತ್ತವೆ, ಸ್ಕ್ಯಾನ್ ಮಾಡಿ ತೆಗೆದುಕೊಂಡು ಇನ್ನೊಂದು ಕಡೆ ವಾಪಸು ಹಾಕಬಹುದು. ಸ್ಕ್ಯಾನ್ ಮಾಡಲು ಸ್ವಲ್ಪ ಚಾರ್ಜು ಉಳಿದಿರಬೇಕಲ್ಲ, ಅದಕ್ಕೇ 20% ಇರುವಾಗಲೇ ನೋಡಿಕೊಳ್ಳಿ. ನಿಮ್ಮದೇ ಪವರ್ ಬ್ಯಾಂಕು ಒಯ್ಯುವವರಿಗೆ ಒಂದು ಎಚ್ಚರಿಕೆ: 2025ರ ಜೂನ್ ಕೊನೆಯಿಂದ ಚೀನಾದ ಒಳನಾಡು ವಿಮಾನಗಳಲ್ಲಿ ಅಲ್ಲಿಯ ಸುರಕ್ಷತಾ ಪ್ರಮಾಣದ 3ಸಿ ಗುರುತು ಇಲ್ಲದ ಪವರ್ ಬ್ಯಾಂಕನ್ನು ಬಿಡುವುದಿಲ್ಲ.

ಹತ್ತೂವರೆಗೆ ವಾಪಸು ಹೊರಡಿ. ಬೀದಿಯ ಬಾಯಲ್ಲೇ ದೀದಿ ಕರೆದರೆ ಕಾದು ಸಾಕಾಗುತ್ತದೆ. ಎರಡು ಮೂರು ಅಡ್ಡರಸ್ತೆ ಆಚೆ ನಡೆದು ಕರೆಯಿರಿ, ಇಲ್ಲವೇ ಮೆಟ್ರೊ ಹತ್ತಿ. ಕೊನೆಯ ರೈಲಿನ ಹೊತ್ತನ್ನು ನಿಲ್ದಾಣದ ಬೋರ್ಡಿನಲ್ಲಿ ಬಂದಾಗಲೇ ನೋಡಿಟ್ಟುಕೊಳ್ಳಿ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಅದೇ ರೈಲಿನಲ್ಲಿ ಮುಗಿಯಲಿ. ಊರಿಗೆ ಹೋದಮೇಲೆ ಯುವಾನನ್ನು ರೂಪಾಯಿ ಮಾಡುತ್ತಾ ಕೂತರೆ ಯಾರಿಗೂ ನೆನಪಿರುವುದಿಲ್ಲ.

ಮರುದಿನ ಮಧ್ಯಾಹ್ನದ ಮೇಲೆ ರೈಲೋ ವಿಮಾನವೋ ಇದ್ದರೆ, ಬೆಳಿಗ್ಗೆ ಶಾನ್‌ಶಿ ಇತಿಹಾಸ ಮ್ಯೂಸಿಯಮ್ಮಿಗೆ ಹೋಗಬಹುದು. ಪ್ರವೇಶ ಪುಕ್ಕಟೆ, ಮುಂಗಡ ಬುಕಿಂಗ್ ಕಡ್ಡಾಯ, ಸೀಟುಗಳು ಬೇಗ ಖಾಲಿಯಾಗುತ್ತವೆ. ಸೋಮವಾರ ಬಾಗಿಲು ಹಾಕಿರುತ್ತದೆ.